ಓವರ್‌ಸಿಯರ್ ಸಾಹೇಬರ ನಿಧಾನದ ಹೊಡೆತ

ಮೊನ್ನೆ ಪಕ್ಕದ ಮನೆಗೆ ಹೊಸ ಬಾಗಿಲು ಕೂರಿಸಿದರು. ಬಡಿಗೇರ ಅದಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆ ಗೋಡೆ ದಾಟಿ ನಮ್ಮ ಪಡಸಾಲೆಗೆ ಬಂದದ್ದೇ ತಡ, ಓದುತ್ತಿದ್ದ ಪೇಪರ್ ಮಡಿಚಿಟ್ಟೆ. ಈ ವಯಸ್ಸಿನಲ್ಲಿ ನೆನಪು ಬಂದರೂ ದಣಿವಾಗುತ್ತದೆ. ಬಾ ಎಂದು ಕರೆದಿರುವುದಿಲ್ಲ, ಹೋಗು ಎಂದರೆ ಹೋಗುವುದೂ ಇಲ್ಲ...

ನಲವತ್ತರ ದಶಕದ ಕೊನೆಯ ವರ್ಷಗಳು. ತುಂಗಭದ್ರೆಯ ನೀರು ಗಂಗಾವತಿ ಕಡೆ ಬರುವ ಕಾಲುವೆ ಎಲ್ಲೆಲ್ಲಿ ಹಾಯಬೇಕು ಎಂದು ಅಳೆದು ಗೂಟ ನೆಡುವ ಕೆಲಸ ನಡೆದಿತ್ತು. ಊರ ಹೊರಗೆ ತಗಡಿನ ಮನೆಗಳ ನಮ್ಮ ಕ್ಯಾಂಪು. ನಾನು ನಕ್ಷೆ ಬರೆಯುವವನು, ಅಲ್ಲೇ ಹತ್ತಿರದ ಸಿದ್ದಾಪುರದವನು, ಹೊಸದಾಗಿ ಮದುವೆಯಾದವನು. ಪಕ್ಕದ ಮನೆಯಲ್ಲಿ ಓವರ್‌ಸಿಯರ್ ಸಾಹೇಬರು ಒಬ್ಬರೇ ಇದ್ದರು. ಸಾಹೇಬರೆಂದರೆ ದೊಡ್ಡ ಮನೆತನದವರೇನಲ್ಲ. ಕುಷ್ಟಗಿ ಕಡೆಯ ಒಕ್ಕಲುತನದ ಮನೆಯವರು, ಉರ್ದು ಕಲಿತು ನೌಕರಿ ಹಿಡಿದವರು. ಹರೆಯದಲ್ಲಿ ಸಿಕಂದರಾಬಾದಿನಲ್ಲಿ ಯಾವನೋ ಬಿಳಿಯ ಅಧಿಕಾರಿಯ ಕೈಕೆಳಗೆ ಇದ್ದಾಗ ಗಾಲ್ಫ್ ಆಟ ಕಲಿತಿದ್ದರಂತೆ. ಅವನು ಬಿಟ್ಟುಹೋದ ಉದ್ದನೆಯ ಕೋಲೊಂದು ಅವರ ಬಳಿ ಇತ್ತು. ಚೆಂಡನ್ನು ದೂರ ಹೊಡೆಯುವ, ಮರದ ತಲೆಯ ಕೋಲು. ಡ್ರೈವರ್ ಎಂದು ಅದರ ಹೆಸರು. ಅದು ಒಣಗಿ ಸೀಳು ಬಿಡದಿರಲೆಂದು ಆಗಾಗ ಅಗಸೆ ಎಣ್ಣೆ ತಿಕ್ಕುವರು.

ಒಂದು ಬೇಸಿಗೆಯಲ್ಲಿ ಊರಿಗೆ ಹೋದ ಸಾಹೇಬರು ತಡವಾಗಿ ಬಂದರು. ಎಡಗೈಯನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಲಕ್ವಾ ಹೊಡೆದಿತ್ತು. ಕಾಲು ಸರಿಯಿತ್ತು, ಮಾತೂ ಸರಿಯಿತ್ತು. ಆ ಕೈ ಮಾತ್ರ ಹೇಳಿದ್ದು ಕೇಳುತ್ತಿರಲಿಲ್ಲ. ನಮ್ಮ ಮನೆಗೆ ಬಂದು ನನಗೂ ನನ್ನ ಹೆಂಡತಿಗೂ ತೋರಿಸಿದರು.

"ಯಾರ ಮುಂದೂ ಬಾಯಿ ಬಿಡಬ್ಯಾಡ ತಮ್ಮಾ. ಗೊತ್ತಾತಂದ್ರ ಪೆನ್ಶನ್ ಕೊಟ್ಟು ಮನಿಗೆ ಕಳಸ್ತಾರ. ನಾ ಗೂಟ ಹೊಡಿಸಿದ ದಾರಿಯಾಗ ನೀರು ಬರೂದು ನೋಡೇ ಹೋಗಬೇಕಂತ ಆಸೆ ಐತಿ."

ಹೊಳೆಯ ಹತ್ತಿರ ಬೆಳೆದ ನನಗೆ ಬರದ ಸೀಮೆಯಾದ ಕುಷ್ಟಗಿಯವರ ನೀರಿನ ಆಸೆ ಎಂಥದ್ದೆಂದು ಆಗ ತಿಳಿಯಲಿಲ್ಲ. ಮುಂದಿನ ತಿಂಗಳು ದೊಡ್ಡ ಇಂಜಿನಿಯರು ಬರುವವರಿದ್ದರು. ಅವರಿಗೆ ಗಾಲ್ಫಿನ ಹುಚ್ಚು. ಬಂದಾಗಲೆಲ್ಲ ಕ್ಯಾಂಪಿನ ಹಿಂದಿನ ಬಯಲಿನಲ್ಲಿ ಸಾಹೇಬರ ಜೊತೆ ಚೆಂಡು ಹೊಡೆಯುವುದು ವಾಡಿಕೆ. ಆಡುವುದಿಲ್ಲ ಎಂದರೆ ಅನುಮಾನ ಬರುತ್ತದೆ, ಆಡಿದರೆ ಕೈ ಬಯಲಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಆಡಿಯೇ ತೀರುವುದೆಂದು ಸಾಹೇಬರು ನಿಶ್ಚಯಿಸಿದರು. ಅಭ್ಯಾಸ ನಮ್ಮ ಹಿತ್ತಲಿನಲ್ಲಿ ಶುರುವಾಯಿತು. ಮೊದಲ ಸಂಜೆ ನಾನೇ, "ಜೋರ್ಲೆ ಹೊಡೀರಿ ಸಾಹೇಬರ, ತಾನ ಬರ್ತೈತಿ" ಎಂದು ಹುರಿದುಂಬಿಸಿದೆ. ದಿನವಿಡೀ ನೆಲಕ್ಕೆ ಗೂಟ ಬಡಿಸುವವರು ನಾವು. ಎತ್ತು, ಬಡಿ, ನಮಗೆ ಗೊತ್ತಿದ್ದ ಹೊಡೆತ ಅದೊಂದೇ. ಸಾಹೇಬರು ಬೀಸಿದರು. ಎಡಗೈ ಜಾರಿತು. ಕೋಲು ಹಾರಿಹೋಗಿ ನನ್ನ ಹೆಂಡತಿ ತುಂಬಿಟ್ಟಿದ್ದ ಮಣ್ಣಿನ ಕೊಡಕ್ಕೆ ಬಡಿಯಿತು.

ಆಕೆ ಹೊರಗೆ ಬಂದು ನೋಡಿ, "ಕಾಲುವಿ ನೀರು ಬಂದಾಗ ಬರ್ಲಿ ಸಾಹೇಬರ, ಅಲ್ಲೀತನಕ ನನ್ನ ಕೊಡಾ ಉಳಸ್ರಿ" ಎಂದಳು. ಸಾಹೇಬರು ನಗುತ್ತಲೇ ನೆಲಕ್ಕೆ ಕೂತುಬಿಟ್ಟರು. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಮರುದಿನದಿಂದ ಅವರು ಬೇರೆ ದಾರಿ ಹಿಡಿದರು. ಚೆಂಡು ಬೇಡ, ಜೋರೂ ಬೇಡ. "ಕೂರಿಗಿ ಹಿಂದ ಬೀಜ ಬಿಡೂವಾಗ ನಮ್ಮವ್ವ ಹೇಳ್ತಿದ್ಲು, ಕೈ ಅವಸರ ಮಾಡಿದ್ರ ಬೀಜ ಒಂದ ಕಡೆ ಗುಂಪು ಬೀಳ್ತಾವ ಅಂತ. ಇದೂ ಹಂಗ" ಎಂದರು. ಕೋಲನ್ನು ಸೊಂಟದವರೆಗೆ ಎತ್ತುವುದು, ನಿಲ್ಲಿಸುವುದು, ಇಳಿಸುವುದು. ಕೆಲವು ದಿನ ಅಷ್ಟೇ. ಆಮೇಲೆ ಹೆಗಲವರೆಗೆ. ಅಲ್ಲಿ ನಿಂತು ಉಸಿರು ಬಿಟ್ಟು, ಮೊದಲು ಸೊಂಟ ತಿರುಗಿಸಿ, ನಂತರ ತೋಳು, ಕೊನೆಗೆ ಕೋಲು... ಗದ್ದೆಯ ಕೆಸರಿನಲ್ಲಿ ನಡೆಯುವವರ ಹಾಗೆ. ನಾನು ಎದುರಿಗೆ ಕೂತು, ಎಡಗೈಯ ಬೆರಳು ಸಡಿಲಾದ ಕೂಡಲೇ "ಜಾರಾಕತ್ತೈತ್ರಿ" ಎನ್ನಬೇಕು. ಅವರು ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ. ಸಿಟ್ಟಿಲ್ಲ, ಬೇಸರವಿಲ್ಲ. ಆಕಳಿಕೆ ಬರುತ್ತಿದ್ದದ್ದು ನನಗೆ. ಬಿಸಿಲಲ್ಲಿ ದುಡಿದು ಬಂದ ಮನುಷ್ಯ ರೊಟ್ಟಿ ತಿಂದು ಮಲಗಬಾರದೇ ಎನಿಸುತ್ತಿತ್ತು. ಆದರೆ ಬರುಬರುತ್ತಾ ಆ ಬೆರಳುಗಳು ಕೋಲನ್ನು ಬಿಗಿಯಾಗಿ ಹಿಡಿಯತೊಡಗಿದವು.

ದೊಡ್ಡ ಇಂಜಿನಿಯರು ಬಂದರು. ಮೊದಲು ತಾವೇ ರಭಸದಿಂದ ಬೀಸಿದರು. ಚೆಂಡು ಬಲಕ್ಕೆ ಹೊರಳಿ ಜಾಲಿ ಕಂಟಿಯಲ್ಲಿ ಮಾಯವಾಯಿತು. ಸಾಹೇಬರು ಹಸಿ ಮಣ್ಣಿನ ಪುಟ್ಟ ಗುಪ್ಪೆ ಮಾಡಿ ಅದರ ಮೇಲೆ ಚೆಂಡಿಟ್ಟರು. ನಕ್ಷೆಯ ಸುರುಳಿ ಹಿಡಿದು ನಿಂತಿದ್ದ ನಾನು ಅವರ ಎಡಗೈಯ ಬೆರಳುಗಳನ್ನೇ ನೋಡುತ್ತಿದ್ದೆ. ಹಿತ್ತಲಿನಲ್ಲಿ ಎತ್ತಿದಂತೆಯೇ ಎತ್ತಿದರು, ಒಂದು ಗಳಿಗೆ ನಿಂತರು, ಬೀಸಿದರು. ಟಕ್ ಎಂದು ಸಣ್ಣ ಸಪ್ಪಳ. ಚೆಂಡು ಭಾರೀ ದೂರವೇನೂ ಹೋಗಲಿಲ್ಲ, ಆದರೆ ನೆಟ್ಟಗೆ ಹೋಯಿತು.

"ಶಾಬಾಶ್! ಈ ವಯಸ್ಸಿನ್ಯಾಗೂ ಎಂಥಾ ಕೈ ಐತ್ರಿ ನಿಮ್ದು!" ಎಂದರು ದೊಡ್ಡವರು. ಅಲ್ಲೇ ನಿಂತು ಹುಕುಂ ಕೊಟ್ಟರು: ಗುಡ್ಡದ ಸಾಲಿನ ಅಳತೆಗೆ ಇಂಥ ಗಟ್ಟಿ ಮನುಷ್ಯನೇ ಬೇಕು, ನಾಳೆಯೇ ಹೊರಡಬೇಕು.

ನಮ್ಮ ಕಡೆಯ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ. ದಿನವೆಲ್ಲ ಹತ್ತುವುದು, ಇಳಿಯುವುದು. ಕಾದ ಕಲ್ಲು ಕೆಳಗೆ, ಸುಡುವ ಬಿಸಿಲು ಮೇಲೆ. ಹೊರಡುವ ಮುಂಜಾನೆ ನಾನು ತಡೆಯಲಾರದೆ, "ಹೇಳಿಬಿಡ್ರಿ ಸಾಹೇಬರ, ಮೈಯಾಗ ಆರಾಮ ಇಲ್ಲಂತ" ಎಂದೆ.

"ಹ್ಯಾಂಗ ಹೇಳ್ಲಿ ತಮ್ಮಾ? ಎಲ್ಲಾರ ಮುಂದ ಹೊಡದು ತೋರ್ಸೀನಲ್ಲ" ಎಂದರು. ಹಾಸಿಗೆಯ ಸುರುಳಿ ಗಾಡಿಗೆ ಹಾಕಿಸಿ ಹೊರಟರು.

ತಿರುಗಿ ಬರಲಿಲ್ಲ. ಗುಡ್ಡದಲ್ಲಿ ಒಂದು ಮಧ್ಯಾಹ್ನ ಬಂಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲವಂತೆ. ಮತ್ತೆ ಲಕ್ವಾ ಹೊಡೆದಿತ್ತು. ಆ ಕೋಲು ಯಾರ ಪಾಲಾಯಿತೋ... ನಾನು ವಿಚಾರಿಸಲಿಲ್ಲ.

ಕೆಲವು ವರ್ಷಗಳ ಮೇಲೆ ಕಾಲುವೆಗೆ ನೀರು ಬಂತು. ನನ್ನ ಹೆಂಡತಿ ಅರಿಶಿನ ಕುಂಕುಮ ಹಾಕಿ ಕೈ ಮುಗಿದು ಅತ್ತಳು. ಈಗ ಆಕೆಯೂ ಇಲ್ಲ. ತಾಳಿದವನು ಬಾಳಿಯಾನು ಎನ್ನುತ್ತಾರೆ. ಸಾಹೇಬರಷ್ಟು ತಾಳಿದವರನ್ನು ನಾನು ನೋಡಿಲ್ಲ. ಆ ಒಂದು ಹೊಡೆತ ತಪ್ಪಿದ್ದರೆ ಪೆನ್ಶನ್ ತೆಗೆದುಕೊಂಡು ಕುಷ್ಟಗಿಯಲ್ಲಿ ಇರುತ್ತಿದ್ದರು, ನೀರು ಬಂದ ದಿನ ಬಸ್ಸು ಹತ್ತಿ ಬಂದು ಕಣ್ಣುತುಂಬ ನೋಡುತ್ತಿದ್ದರು.

ನಮ್ಮ ಮನೆಯಿಂದ ಕಾಲುವೆ ದೂರವಿಲ್ಲ. ಸಂಜೆ ದಂಡೆಯ ಮೇಲೆ ತಂಪಿರುತ್ತದೆ, ಹೋಗಿ ಕೂತು ಬಾ ಅಪ್ಪಾ ಎಂದು ಮಗಳು ದಿನಾ ಹೇಳುತ್ತಾಳೆ. ಕಾಲು ನೋವು ಎಂದು ನೆವ ಹೇಳುತ್ತೇನೆ. ಅವರು ನೋಡದೆ ಹೋದ ನೀರನ್ನು ನೋಡುತ್ತಾ ಕೂರಲು ನನಗೆ ಆಗುವುದಿಲ್ಲ.