ಕಾಪಿಯರ್ ರಿಪೇರಿಗೆ ಹುಡುಗರು ಬೇಕಾಗಿದ್ದಾರೆ

೨೦೦೬ರ ಜೂನ್, ಬೆಳಗಿನ ಆರೂವರೆ. ಕಾರ್ಕಳದ ಐಟಿಐ ಗೇಟು ಇನ್ನೂ ತೆರೆದಿಲ್ಲ. ಉಡುಪಿಯಿಂದ ಮೊದಲ ಬಸ್ಸಿಗೆ ಬಂದಿರುವ ಭುಜಂಗ ಎದುರಿನ ಕ್ಯಾಂಟೀನಿನ ಬೆಂಚಿನ ಮೇಲೆ ಚೀಟಿಗಳ ಕಟ್ಟು ಬಿಚ್ಚಿ, ಮಡಿಕೆ ಬಿದ್ದವನ್ನು ಅಂಗೈಯಲ್ಲಿ ಒತ್ತಿ ಸರಿಮಾಡುತ್ತಿದ್ದಾರೆ. 'ಕಾಪಿಯರ್ ರಿಪೇರಿ ಕಲಿಸಲಾಗುವುದು. ಕಲಿಯುವಾಗಲೂ ಸಂಬಳ ಉಂಟು.' ಚೀಟಿಯಲ್ಲಿರುವುದು ಇಷ್ಟೇ.

ಏಳೂವರೆಗೆ ಹುಡುಗರು ಬರತೊಡಗುತ್ತಾರೆ. ಒಬ್ಬ ನಿಂತು ಓದುತ್ತಾನೆ.

"ಕಂಪ್ಯೂಟರಾ ಸರ್?"

"ಅಲ್ಲ. ಜೆರಾಕ್ಸ್ ಮೆಷಿನ್."

ಹುಡುಗ ಚೀಟಿಯನ್ನು ವಾಪಸು ಕೊಟ್ಟು ಒಳಗೆ ಹೋಗುತ್ತಾನೆ. "ಒಳ್ಳೆಯ ಹುಡುಗ. ಬಿಸಾಡಲಿಲ್ಲ," ಎನ್ನುತ್ತಾರೆ ಭುಜಂಗ, ವರದಿಗೆಂದು ಜೊತೆಗೆ ಬಂದಿರುವ ನನ್ನ ಕಡೆ ತಿರುಗಿ.

ಅವರಿಗೀಗ ಐವತ್ತನಾಲ್ಕು. ಊರು ಕಾಪು. ಟೈಪ್‌ರೈಟರ್ ರಿಪೇರಿಯಿಂದ ಶುರು ಮಾಡಿದವರು, ಆ ಯಂತ್ರಗಳು ಗುಜರಿಗೆ ಹೋಗತೊಡಗಿದಾಗ, ೧೯೯೭ರಲ್ಲಿ, ಉಡುಪಿಯ ಬನ್ನಂಜೆಯಲ್ಲಿ ಕಾಪಿಯರ್ ರಿಪೇರಿ ಅಂಗಡಿ ತೆರೆದರು. ಮಣಿಪಾಲದಲ್ಲಿ ಆಫೀಸುಗಳು ಹೆಚ್ಚುತ್ತಿದ್ದ ಕಾಲ ಅದು. ಯಂತ್ರಗಳು ಬಂದವು, ತೆರೆದು ನೋಡುವವರು ಇರಲಿಲ್ಲ. ಅಂದಿನಿಂದ ಪ್ರತಿ ಜೂನ್ ತಿಂಗಳಲ್ಲಿ ಹೀಗೆ ಗೇಟುಗಳ ಮುಂದೆ ನಿಲ್ಲುತ್ತಾರೆ. ಒಂಬತ್ತು ವರ್ಷಗಳಲ್ಲಿ ಇಪ್ಪತ್ತಮೂರು ಮಂದಿ ಬಂದಿದ್ದಾರೆ. ಕೈ ಕಪ್ಪಾಗುತ್ತದೆ ಎಂದು ಒಂದೇ ವಾರಕ್ಕೆ ಬಿಟ್ಟವರೂ ಅದರಲ್ಲಿದ್ದಾರೆ.

ರಾಜಶ್ರೀ ಸಿಕ್ಕಿದ್ದು ಗೇಟಿನ ಮುಂದೆ ಅಲ್ಲ. ೨೦೦೧ರಲ್ಲಿ ಮಣಿಪಾಲದ ಒಂದು ಆಫೀಸಿನ ಜಗಲಿಯಲ್ಲಿ ಭುಜಂಗ ಯಂತ್ರ ಬಿಚ್ಚಿ, ಅದರ ದೀಪ ಓಡಿಸಿ ನೋಡುತ್ತ ಕುಳಿತಿದ್ದರು. ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು. ಮರಳಿನ ಬುಟ್ಟಿ ಹೊರುತ್ತಿದ್ದ ಹದಿನೇಳರ ಹುಡುಗಿ ನಿಂತು ಕೇಳಿದಳು: "ಆ ಬೆಳಕು ಎಲ್ಲಿಗೆ ಹೋಗತೈತ್ರಿ?"

"ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ," ಎನ್ನುತ್ತಾರೆ ಭುಜಂಗ. "ಎಲ್ಲರೂ ಕೇಳುವುದು ಸಂಬಳ ಎಷ್ಟು ಅಂತ. ತಪ್ಪಲ್ಲ ಅದು."

ಗದಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅವಳ ತಂದೆ ಬೀರಪ್ಪ ಅವಳನ್ನು ಅಂಗಡಿಗೆ ಕಳಿಸಲು ಒಪ್ಪುವುದಕ್ಕೆ ಮೂರು ವಾರ ಹಿಡಿಯಿತು. ಒಪ್ಪಿದಾಗ ಒಂದೇ ಮಾತು ಹೇಳಿದರು: "ಕಳಸ್ತೀನ್ರಿ. ನಡುವ ಕೈ ಬಿಡಬ್ಯಾಡ್ರಿ." ಭುಜಂಗ ಮಾತು ಕೊಟ್ಟರು.

ಎರಡು ವರ್ಷಗಳಲ್ಲಿ ರಾಜಶ್ರೀ ಎಲ್ಲರಿಗಿಂತ ಮುಂದೆ ಹೋದಳು. ಕಾಗದ ಸಿಕ್ಕಿಕೊಳ್ಳುವ ಸದ್ದು ಕೇಳಿಯೇ ಯಾವ ರೋಲರ್ ಸವೆದಿದೆ ಎಂದು ಹೇಳುತ್ತಿದ್ದಳು. ಹೊಸ ಹುಡುಗರಿಗೆ ಕಲಿಸುತ್ತಿದ್ದವಳೂ ಅವಳೇ.

ಕಳೆದ ವರ್ಷ ಮಂಗಳೂರಿನ ಕಂಪನಿಯೊಂದು ಉಡುಪಿಯಲ್ಲಿ ಸರ್ವಿಸ್ ಸೆಂಟರ್ ತೆರೆಯಿತು. ಅದರ ಮ್ಯಾನೇಜರ್ ಬನ್ನಂಜೆಯ ಅಂಗಡಿಗೇ ಬಂದು, ತರಬೇತಿಯಾದ ಹುಡುಗರು ಬೇಕು ಎಂದರು. ಒಳ್ಳೆಯ ಸಂಬಳ, ಪಿಎಫ್, ಯೂನಿಫಾರ್ಮ್. ತನ್ನಿಂದ ಕೊಡಲಾಗದ್ದು ಅವರಿಗೆ ಸಿಗಲಿ ಎಂದು ಭುಜಂಗ ತಮ್ಮಲ್ಲಿದ್ದ ಎಂಟು ಮಂದಿಯನ್ನೂ ಇಂಟರ್‌ವ್ಯೂಗೆ ಕರೆದುಕೊಂಡು ಹೋದರು. ಕಂಪನಿ ಏಳು ಹುಡುಗರನ್ನು ತೆಗೆದುಕೊಂಡಿತು. ರಾಜಶ್ರೀಗೆ ಸರ್ಟಿಫಿಕೇಟ್ ಇಲ್ಲ, ಮೇಲಾಗಿ ಆಫೀಸುಗಳಿಗೆ ಹೆಣ್ಣುಮಕ್ಕಳನ್ನು ಕಳಿಸುವ ಕ್ರಮವಿಲ್ಲ ಎಂದರು.

ಅಂದು ಸಂಜೆ ಭುಜಂಗ ಬೀರಪ್ಪನ ಶೆಡ್ಡಿಗೆ ಹೋದರು. ಬೀರಪ್ಪ ಕುಡಿಯಲು ನೀರು ಕೊಟ್ಟು, "ನೀವರ ಏನ್ ಮಾಡ್ತೀರಿ ಬಿಡ್ರಿ," ಎಂದರು.

"ಬೈದಿದ್ದರೆ ಒಳ್ಳೆಯದಿತ್ತು," ಎನ್ನುತ್ತಾರೆ ಭುಜಂಗ.

ಮೂರೇ ತಿಂಗಳಲ್ಲಿ ಕಾಲೇಜು, ಬ್ಯಾಂಕುಗಳ ಗುತ್ತಿಗೆಯೆಲ್ಲ ಕಂಪನಿಯ ಪಾಲಾಯಿತು. ಯಾವ ಆಫೀಸಿನಲ್ಲಿ ಯಾವ ಯಂತ್ರವಿದೆ ಎಂದು ಹುಡುಗರಿಗೆ ಗೊತ್ತಿತ್ತಲ್ಲ. ಟೈ ಕಟ್ಟಿಕೊಂಡ ಅವರು ಈಗ ಮೆಟ್ಟಿಲಲ್ಲಿ ಎದುರಾದರೆ ಮೊಬೈಲ್ ನೋಡುತ್ತಾರೆ. ಬನ್ನಂಜೆಯ ಅಂಗಡಿಗೆ ಉಳಿದಿರುವುದು ಕಡಿಯಾಳಿಯ ಜೆರಾಕ್ಸ್ ಅಂಗಡಿಗಳು, ಕಾಪುವಿನ ಎರಡು ಶಾಲೆಗಳು, ಕೆಲವು ವಕೀಲರ ಆಫೀಸುಗಳು. ದಿನಕ್ಕೆ ಹತ್ತು ಕರೆ ಬರುತ್ತಿದ್ದಲ್ಲಿ ಈಗ ಮೂರು ಬಂದರೆ ಹೆಚ್ಚು. ಭುಜಂಗ, ರಾಜಶ್ರೀ ಇಬ್ಬರೂ ಬಸ್ಸಿನಲ್ಲೇ ಓಡಾಡುತ್ತಾರೆ.

ನಾನು ಅಂಗಡಿಯಲ್ಲಿದ್ದ ದಿನ ಫೋನ್ ಬರುತ್ತದೆ. ಆ ಏಳರಲ್ಲಿ ಒಬ್ಬನಾದ ಶ್ರವಣ್. ಯಾವುದೋ ಬ್ಯಾಂಕಿನಲ್ಲಿ ಯಂತ್ರ ಬಿಚ್ಚಿಟ್ಟುಕೊಂಡಿದ್ದಾನೆ, ಪ್ರತಿಯ ಅಂಚಿಗೆ ಕಪ್ಪು ಗೆರೆ ಬರುತ್ತಿದೆ. ರಾಜಶ್ರೀ ರಿಸೀವರನ್ನು ಹೆಗಲಿಗೆ ಒತ್ತಿಕೊಂಡು, ಕೈಯಲ್ಲಿರುವ ಕೆಲಸ ಬಿಡದೆ, ಯಾವ ಬ್ಲೇಡ್ ತೆಗೆಯಬೇಕು, ಯಾವ ಬಟ್ಟೆಯಲ್ಲಿ ಒರೆಸಬೇಕು ಎಂದು ಹೇಳುತ್ತಾಳೆ. ಯಾಕೆ ಹೇಳಿಕೊಟ್ಟೆ ಎಂದು ಕೇಳುತ್ತೇನೆ.

"ಹೇಳಲಿಲ್ಲ ಅಂದ್ರ ಕೆಡೂದು ಮಷೀನ್ ರೀ. ಅವನಲ್ಲ."

ಕಾರ್ಕಳದ ಗೇಟಿನ ಮುಂದೆ ಒಂಬತ್ತಾಗುತ್ತಿದೆ. ಇಬ್ಬರು ಹುಡುಗರು ನಿಂತು ಮಾತಾಡುತ್ತಾರೆ, ಆಸಕ್ತಿ ಇದ್ದ ಹಾಗಿದೆ. ಕಲಿಸುವವರು ಯಾರು ಎಂದು ಒಬ್ಬ ಕೇಳುತ್ತಾನೆ. "ನನಗಿಂತ ಚೆನ್ನಾಗಿ ಬಲ್ಲವಳು ಒಬ್ಬಳು ಇದ್ದಾಳೆ," ಎನ್ನುತ್ತಾರೆ ಭುಜಂಗ. ಹುಡುಗರು ಪರಸ್ಪರ ಮುಖ ನೋಡಿಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಹೊರಡುತ್ತಾರೆ.

ಬಸ್ಸಿಗೆ ಕಾಯುವಾಗ ಕೇಳುತ್ತೇನೆ, ಕಂಪನಿಗೆ ಹೋದ ಹುಡುಗರ ಮೇಲೆ ಸಿಟ್ಟು ಉಂಟಾ ಎಂದು.

"ಅವರ ಮೇಲೆ ಎಂತ ಸಿಟ್ಟು? ಹೊಟ್ಟೆಪಾಡು," ಎಂದು ಉಳಿದ ಚೀಟಿಗಳನ್ನು ಕಟ್ಟಿಡುತ್ತಾರೆ. ಆಮೇಲೆ ತಾವಾಗಿಯೇ ಮುಂದುವರಿಸುತ್ತಾರೆ. "ಅವತ್ತು ಆ ಆಫೀಸಿನಲ್ಲಿ ನಾನು ಹೇಳಬೇಕಿತ್ತು. ಬೇಕಾದರೆ ಎಂಟು ಜನ, ಇಲ್ಲದಿದ್ದರೆ ಒಬ್ಬರೂ ಇಲ್ಲ ಅಂತ. ನನ್ನನ್ನು ಸರ್ ಅಂತ ಕರೆದು, ಎಸಿ ರೂಮಿನಲ್ಲಿ ಕೂರಿಸಿ ಚಾ ಕೊಟ್ಟಿದ್ದರು. ಬಾಯಿ ಬರಲಿಲ್ಲ. ಇನ್ನೊಮ್ಮೆ ಯಾರಾದರೂ ಕೇಳಿಕೊಂಡು ಬಂದರೆ ಹೇಳುತ್ತೇನೆ, ಮೊದಲು ಅವಳನ್ನು ತೆಗೆದುಕೊಳ್ಳಿ ಅಂತ. ಬರಬೇಕಲ್ಲ, ಮಾರಾಯ್ರೆ."