ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್

ದೇವರಾಜ್ ಅಣ್ಣ ಪುಟ್ಟೇನಹಳ್ಳಿಯಲ್ಲಿ ಹತ್ತು ವರ್ಷದಿಂದ ಮನೆಮನೆಗೆ ವೈಫೈ ಹಾಕುವ ಕೆಲಸ ಮಾಡುತ್ತಿದ್ದರು. ಕೆರೆಯ ಹಿಂದಿನ ನಾಲ್ಕು ಅಡ್ಡರಸ್ತೆಗಳಲ್ಲಿ ನೂರ ಮೂವತ್ತು ಮನೆಗಳನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ನಮ್ಮದೂ ಅದರಲ್ಲೊಂದು. ಕಂಪನಿಯ ಹೆಸರು ಬೀದಿಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರೂ ‘ದೇವರಾಜ್ ನೆಟ್’ ಎನ್ನುತ್ತಿದ್ದರು.

ನೆಟ್ ನಿಂತಿದೆ ಎಂದು ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಬರುತ್ತಿದ್ದರು. ಕೊಂಬೆ ಬಿದ್ದು ವೈರ್ ತುಂಡಾದರೆ ತಾವೇ ಏಣಿ ಹತ್ತುತ್ತಿದ್ದರು. ಒಳಕೋಣೆಗೆ ಸಿಗ್ನಲ್ ಸಿಗದಿದ್ದರೆ ರೂಟರ್ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಸರಿಯಾದ ಜಾಗ ಸಿಗುವವರೆಗೂ ಮನೆಯೆಲ್ಲ ಓಡಾಡುತ್ತಿದ್ದರು. ಎದುರು ಮನೆಯ ಸಿದ್ದಗಂಗಮ್ಮ ಒಮ್ಮೆ, “ಏನಪ್ಪಾ, ಉತ್ಸವಮೂರ್ತಿ ಹೊತ್ಕೊಂಡಂಗೆ ಹೊತ್ಕೊಂಡಿದ್ದೀಯ, ಮುಂದೆ ವಾಲಗದೋರು ಬೇಡ್ವಾ?” ಎಂದು ನಗಿಸಿದ್ದರು.

ಅವರಿಗೆ ಒಂದು ಅಭ್ಯಾಸವಿತ್ತು. ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಹಾಕುತ್ತಿದ್ದರು: ಊರಿನ ಹೆಸರು, ಮುಂದೆ ಒಂದು ಎರಡು ಮೂರು. ಬೇರೆ ಬೇರೆ ಹಾಕಬೇಕೆಂದು ಕಂಪನಿ ಹೇಳಿತ್ತು. ಆದರೆ ಜನ ಮರೆಯುತ್ತಿದ್ದರು, ಮರೆತು ನೆಟ್ ಕೆಟ್ಟಿದೆ ಎಂದು ಇವರನ್ನೇ ಬೈಯುತ್ತಿದ್ದರು. ಒಂದೇ ಆದರೆ ಫೋನಿನಲ್ಲೇ ಹೇಳಿ ಮುಗಿಸಬಹುದು. ನಿಧಾನವಾಗಿ ಇದು ಬೀದಿಗೆಲ್ಲ ತಿಳಿಯಿತು. ತಮ್ಮ ನೆಟ್ ನಿಧಾನವಾದರೆ ಪಕ್ಕದ ಮನೆಯದಕ್ಕೆ ಸೇರಿಕೊಳ್ಳುತ್ತಿದ್ದರು. ನಾವೂ ಹಾಗೆ ಮಾಡಿದ್ದೇವೆ. ಅದು ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಸಿದ್ದಗಂಗಮ್ಮನವರ ಯಜಮಾನರು ಏಕಾಂತಯ್ಯ ಸಾರ್ ಒಬ್ಬರಿಗೆ. ಅವರಿಗೆ ಎಪ್ಪತ್ತೊಂದು ವರ್ಷ, ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗಂಡ ಹೆಂಡತಿ ಇಬ್ಬರೇ ಇರುವುದು.

“ನಮ್ಮನೇದು ಬದಲಾಯಿಸಿಕೊಡಪ್ಪಾ ದೇವರಾಜು, ಎಲ್ರಿಗೂ ಗೊತ್ತಾಗಿದೆ” ಎಂದು ಅವರು ಕೇಳಿದ್ದರು.

“ಬಿಡಿ ಸಾರ್, ನಿಮ್ಮನೇಲಿ ಕದಿಯೋಕೆ ಏನಿದೆ? ಬರೀ ವಚನ ಕೇಳ್ತೀರ. ಆಮೇಲೆ ನೀವು ಮರೆತ್ರೆ ನಾನೇ ಓಡ್ಬರ್ಬೇಕು” ಎಂದು ದೇವರಾಜ್ ಅಣ್ಣ ನಕ್ಕಿದ್ದರು. ಸಾರ್ ಕೂಡ ನಕ್ಕಿದ್ದರು.

ಹೋದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಸಾರ್ ಮನೆಗೆ ಇಬ್ಬರು ಪೊಲೀಸರು ಬಂದರು. ಯಾರೋ ಒಬ್ಬ ಹೆಣ್ಣುಮಗಳ ಹೆಸರು, ಫೋಟೊ ಹಾಕಿ ನಕಲಿ ಖಾತೆ ತೆರೆದು ಅಸಹ್ಯವಾಗಿ ಬರೆದಿದ್ದರು. ಅದು ಹೋಗಿದ್ದು ಸಾರ್ ಹೆಸರಿನ ಕನೆಕ್ಷನ್‌ನಿಂದ. ಪೊಲೀಸರು ಅವರ ಫೋನ್ ತೆಗೆದುಕೊಂಡರು, ಸೋಮವಾರ ಠಾಣೆಗೆ ಬನ್ನಿ ಎಂದರು. ಮಾರನೇ ದಿನ ಸಾರ್ ಕೆರೆಯ ಕಡೆ ವಾಕಿಂಗ್ ಹೋದಾಗ ಬೆಂಚಿನಲ್ಲಿ ಕೂತಿದ್ದ ಒಬ್ಬರು, “ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ಗುರು?” ಎಂದು ಅವರಿಗೆ ಕೇಳುವ ಹಾಗೆಯೇ ಹೇಳಿದರಂತೆ. ಆಮೇಲೆ ಸಾರ್ ಗೇಟಿನಿಂದ ಹೊರಗೆ ಬರಲಿಲ್ಲ.

ಸುದ್ದಿ ಕೇಳಿ ದೇವರಾಜ್ ಅಣ್ಣ ಬಂದು ಆ ಮನೆಯ ರೂಟರ್ ತೆರೆದು ನೋಡಿದರು. ಇಬ್ಬರೇ ಇರುವ ಮನೆಯ ನೆಟ್ಟಿಗೆ ಇಪ್ಪತ್ತಮೂರು ಫೋನ್‌ಗಳು ಸೇರಿಕೊಂಡಿದ್ದವು.

“ಇವರೆಲ್ಲಾ ಯಾರಪ್ಪಾ?” ಎಂದು ಸಾರ್ ಕೇಳಿದರು.

ಠಾಣೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದ ದೇವರಾಜ್ ಅಣ್ಣನನ್ನು ಮನೆಯಲ್ಲಿ ಅವರ ಹೆಂಡತಿ ಲತಾಮಣಿ ಅಕ್ಕ ತಡೆದರು. ಇದನ್ನು ಅಕ್ಕನೇ ಆಮೇಲೆ ನಮ್ಮ ಅಮ್ಮನ ಹತ್ತಿರ ಅತ್ತುಕೊಂಡು ಹೇಳಿದ್ದು.

“ಸುಮ್ನಿರಿ ರೀ. ಪೊಲೀಸ್ನೋರು ಹುಡುಕ್ಕೊಳ್ತಾರೆ. ನೀವಾಗಿ ಹೋಗಿ ಒಪ್ಕೊಂಡ್ರೆ ಕೆಲಸ ಉಳಿಯತ್ತಾ?”

“ಸಾರ್ ಬದಲಾಯಿಸು ಅಂದಿದ್ರು ಕಣೆ. ನಾನು ನಕ್ಕುಬಿಟ್ಟೆ.”

ಸೋಮವಾರ ದೇವರಾಜ್ ಅಣ್ಣನೇ ಆಟೊ ತಂದು ಸಾರ್ ಅವರನ್ನು ಕೂರಿಸಿಕೊಂಡು ಠಾಣೆಗೆ ಹೋದರು. ಎಲ್ಲವನ್ನೂ ಹೇಳಿದರು.

“ನೂರ ಮೂವತ್ತು ಮನೆಗೂ ಒಂದೇನಾ?” ಎಂದು ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. “ಬೀಗ ಹಾಕಿ, ಕೀ ಬೀದಿಗೆಲ್ಲಾ ಹಂಚಿದ್ದೀಯಲ್ಲಯ್ಯಾ!”

“ಹೌದು ಸಾರ್. ಇವರು ಬದಲಾಯಿಸು ಅಂತ ಕೇಳಿದ್ರು, ನಾನೇ ಬೇಡ ಅಂದೆ. ಅದನ್ನೂ ಬರ್ಕೊಳ್ಳಿ.”

ಬರೆದುಕೊಂಡರು. ದೇವರಾಜ್ ಅಣ್ಣ ಸಹಿ ಹಾಕಿದರು. ಸಾರ್ ಅವರನ್ನು ಮತ್ತೆ ಕರೆಸಲಿಲ್ಲ. ಆದರೆ ತಪ್ಪು ಮಾಡಿದವನು ಇನ್ನೂ ಸಿಕ್ಕಿಲ್ಲ. ಅವನು ನಮ್ಮ ಬೀದಿಯವನೇ ಇರಬಹುದು ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಂಪನಿಯವರು ತಿಂಗಳ ಕೊನೆಗೆ ಕೆಲಸ ಬಿಡಲು ಹೇಳಿದರು. ಉಳಿದ ಹನ್ನೆರಡು ದಿನಗಳಲ್ಲಿ ದೇವರಾಜ್ ಅಣ್ಣ ಎಲ್ಲ ಮನೆಗಳಿಗೂ ಹೋದರು. ಹೊಸ ಪಾಸ್‌ವರ್ಡ್ ಹಾಕುವ ಜಾಗ ತೆರೆದು ಫೋನನ್ನು ಮನೆಯವರ ಕೈಗೆ ಕೊಟ್ಟು, ತಾವು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. “ನಿನ್ನ ನಂಬ್ಕೊಂಡು ನಾವೂ ಜೈಲಿಗೆ ಹೋಗ್ಬೇಕಾಗ್ತಿತ್ತು” ಎಂದು ಕೆಲವರು ಬೈದರು. ಅವರು ಮುಂದಿನ ಮನೆಗೆ ಹೋದರು.

ಏಕಾಂತಯ್ಯ ಸಾರ್ ಮನೆಗೆ ಕೊನೆಯಲ್ಲಿ ಹೋದರು. ಸಾರ್ ಹೆಂಡತಿಯ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿದರು. ಎರಡು ಸಲ ತಪ್ಪಾಯಿತು.

“ಅವರಿಗೆ ಅಕ್ಷರ ಕಾಣ್ಸಲ್ಲ, ನೀನೇ ಹಾಕ್ಕೊಡಪ್ಪಾ” ಎಂದರು ಸಿದ್ದಗಂಗಮ್ಮ.

“ಬೇಡಮ್ಮ, ನನಗೆ ಗೊತ್ತಾಗ್ಬಾರ್ದು. ನಿಧಾನಕ್ಕೆ ಹಾಕ್ಲಿ, ನಾನು ನಿಂತಿರ್ತೀನಿ.”

ಗೋಡೆ ನೋಡುತ್ತಾ ಅವರು ಕಾಲು ಗಂಟೆ ನಿಂತಿದ್ದರು. ಕೊನೆಗೆ ಸಾರ್ ಹೇಳಿದರು: “ಆಯ್ತು ಅನ್ಸತ್ತೆ. ತಿರುಗಪ್ಪಾ, ದೇವರಾಜು.”