ಚೀಟಿಗಳ ಫೋಟೋ

ಯಲಬುರ್ಗಾದಿಂದ ದಿನಾ ಬೆಳಗಿನ ಬಸ್ಸು ಹಿಡಿದು ಬಂದು, ಹತ್ತೊಂಬತ್ತು ವರ್ಷ ಒಂದೇ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಕಸ್ತೂರೆಮ್ಮ ಟೀಚರಿಗೆ ಒಂದು ಚಟವಿತ್ತು. ಏನೇ ಕೆಲಸ ಮಾಡಲಿ, ಅದರ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ತನಕ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವಳೊಬ್ಬಳನ್ನೇ ಯಾಕೆ ಅನ್ನಬೇಕು? ಈಗಿನ ಶಾಲೆಗಳಲ್ಲಿ ಗಿಡ ನೆಟ್ಟರೂ ಫೋಟೋ, ಮಕ್ಕಳು ಕೈ ತೊಳೆದರೂ ಫೋಟೋ, ಮೊಟ್ಟೆ ತಿಂದರೂ ಫೋಟೋ. ಫೋಟೋ ಇಲ್ಲವೆಂದರೆ ಕೆಲಸವೇ ಆಗಿಲ್ಲ.

ಜನವರಿಯ ಒಂದು ಶನಿವಾರ, ಹತ್ತನೆಯ ತರಗತಿಯ ಹುಡುಗಿಯರಿಗೆ ಮೊಬೈಲಿನ ಅಪಾಯಗಳನ್ನು ತಿಳಿಹೇಳುವ ಕೆಲಸ ಬಂತು. ಹುಡುಗರನ್ನು ಆ ಹೊತ್ತಿಗೆ ಕಬಡ್ಡಿ ಆಡಲು ಬಿಟ್ಟರು. ಅವರಿಗೇನು ಕಲಿಯುವುದಿರುತ್ತದೆ, ಪಾಪ! ಉಳಿದ ಶಿಕ್ಷಕರು ಕೆಮ್ಮುತ್ತ ಜಾಗ ಖಾಲಿ ಮಾಡಿದರೂ ಕಸ್ತೂರೆಮ್ಮ ನಾಚಲಿಲ್ಲ. ಬಾಗಿಲು ಮುಂದೆ ಮಾಡಿ ನೇರವಾಗಿ ಹೇಳಿದಳು.

"ನಾಕು ಮಂದಿ ನೋಡಬಾರದಂಥ ಫೋಟೋ ಯಾರು ಕೇಳಿದ್ರೂ ಕಳಸಬ್ಯಾಡ್ರವಾ. ಕಳಿಸಿಬಿಟ್ಟಿದ್ರ, ಅವ ಹೆದರಸಾಕ ಹತ್ತಿದ್ರ, ಇನ್ನೊಂದು ಮಾತ್ರ ಕಳಸಬ್ಯಾಡ್ರಿ. ಅವನ ಮೆಸೇಜು ಅಳಸಬ್ಯಾಡ್ರಿ, ಅವು ಸಾಕ್ಷಿ. ದೊಡ್ಡವರಿಗೆ ಹೇಳ್ರಿ. ತಪ್ಪು ಹೆದರಿಸಿದವಂದು, ನಿಮ್ದಲ್ಲ."

ಆಮೇಲೆ ಖಾಲಿ ಸೀಮೆಸುಣ್ಣದ ಡಬ್ಬಿ ಮುಂದಿಟ್ಟಳು. "ಬಾಯಿಬಿಟ್ಟು ಕೇಳಾಕ ಆಗದಿದ್ರ ಚೀಟ್ಯಾಗ ಬರೀರಿ. ಹೆಸರು ಬ್ಯಾಡ. ನನ್ನ ಬಿಟ್ಟು ಯಾರೂ ನೋಡೂದಿಲ್ಲ, ನನ್ನಾಣಿ."

ಮೂವತ್ತೊಂದು ಚೀಟಿ ಬಿದ್ದವು. ಒಂದರಲ್ಲಿ ಹೀಗಿತ್ತು: "ಒಂದು ಫೋಟೋ ಕಳಿಸೀನಿ. ಇನ್ನೊಂದು ಕಳಸು, ಇಲ್ಲಾಂದ್ರ ಊರಿಗೆಲ್ಲ ತೋರಸ್ತೀನಿ ಅಂತಾನ. ಯಾರಿಗೆ ಹೇಳ್ಲಿ?" ಕಸ್ತೂರೆಮ್ಮ ಅದನ್ನು ಎರಡು ಸಲ ಓದಿದಳು. ಸೋಮವಾರ ಮೆಲ್ಲಗೆ ವಿಚಾರಿಸಬೇಕು ಅಂದುಕೊಂಡಳು.

ಅಷ್ಟರಲ್ಲಿ ಹೆಡ್‌ಮಾಸ್ತರ್ ಶರಣಬಸಪ್ಪ ಬಾಗಿಲಲ್ಲಿ ನಿಂತರು. "ಟೀಚರ್ರ, ಮ್ಯಾಲಿನವರು ವರದಿ ಕೇಳ್ಯಾರ. ಫೋಟೋ ಎಲ್ಲಿ?"

ಹುಡುಗಿಯರು ಮುಜುಗರಪಟ್ಟಾರೆಂದು ಆ ದಿನ ಅವಳು ಫೋಟೋ ತೆಗೆದಿರಲಿಲ್ಲ. ಈಗ ಚೀಟಿಗಳನ್ನೇ ಮೇಜಿನ ಮೇಲೆ ಸಾಲಾಗಿ ಹರಡಿದಳು. ಹೆಸರಿಲ್ಲ, ಮುಖವಿಲ್ಲ, ಏನಾಗುತ್ತದೆ? "ನಮ್ಮ ಹೆಣ್ಣುಮಕ್ಕಳ ಮನದಾಳದ ಪ್ರಶ್ನೆಗಳು" ಎಂದು ಕೆಳಗೆ ಬರೆದು ಶಿಕ್ಷಕರ ಗ್ರೂಪಿಗೆ ಹಾಕಿದಳು. ಅಷ್ಟಕ್ಕೇ ಬಿಡಬಾರದಿತ್ತೇ? ಶಹಭಾಸ್ ಅನ್ನಿಸಿಕೊಳ್ಳುವ ಆಸೆ ಬಿಡಲಿಲ್ಲ, ಪಾಲಕರ ಗ್ರೂಪಿಗೂ ಹಾಕಿದಳು.

ಶಾಲೆಯ ಗೇಟಿನ ಹಲಗೆಯ ಮೇಲೆ ದಿನಾ 'ದಿನದ ನುಡಿ' ಬರೆಯುವವಳು ಹತ್ತನೆಯ ತರಗತಿಯ ಶೈಲಶ್ರೀ. ಗುಂಡಗಿನ ಆ ಅಕ್ಷರ ಗುರುತಿಸದವರು ಶಾಲೆಯಲ್ಲಿ ಯಾರೂ ಇರಲಿಲ್ಲ. 'ಯಾರಿಗೆ ಹೇಳ್ಲಿ' ಎಂದಿದ್ದ ಚೀಟಿಯಲ್ಲೂ ಅದೇ ಅಕ್ಷರ. ಸಂಜೆಯೊಳಗೆ ಫೋಟೋ ಹಿಗ್ಗಿಸಿ ನೋಡಿದವರು ನೋಡಿದರು, ನಕ್ಕವರು ನಕ್ಕರು. ಸೋಮವಾರ ಹಲಗೆ ಖಾಲಿ ಇತ್ತು. ಅಪ್ಪ ಅವಳನ್ನು ಶಾಲೆ ಬಿಡಿಸಿದ್ದ. ಪರೀಕ್ಷೆಗೆ ಎರಡೇ ತಿಂಗಳು ಉಳಿದಿತ್ತು.

"ಹೆಸರು ಹಾಕಿಲ್ಲಲ್ರಿ, ಬಿಡ್ರಿ" ಎಂದರು ಶರಣಬಸಪ್ಪ. ಕಸ್ತೂರೆಮ್ಮ ಎರಡೂ ಗ್ರೂಪಿನಿಂದ ಫೋಟೋ ಅಳಿಸಿದಳು. ಆದರೆ ನಾಚಿಕೆ ಅಳಿಯಬೇಕಲ್ಲ! ಬಸ್ಸಿನಲ್ಲಿ ಯಾರಾದರೂ ನಮಸ್ಕಾರ ಅಂದರೆ ಸೀಟಿನೊಳಗೆ ಹುದುಗಿ ಹೋಗಬೇಕು ಅನ್ನಿಸುತ್ತಿತ್ತು. ಮೂರು ದಿನ ಆ ಹುಡುಗಿಯ ಓಣಿ ತಪ್ಪಿಸಿ ಓಡಾಡಿದಳು. ಹೇಡಿತನ ಅದು, ಅವಳಿಗೂ ಗೊತ್ತಿತ್ತು. ನಾಲ್ಕನೆಯ ದಿನ ಹೋದಳು.

ಶೈಲಶ್ರೀಯ ಅಪ್ಪ ಅಯ್ಯಪ್ಪ ಅಂಗಳದಲ್ಲಿ ಕುರಿಮರಿ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಬರ್ರಿ ಟೀಚರ್ರ. ಮನೀದೂ ಫೋಟೋ ತಗೀಲಿಕ್ಕೆ ಬಂದ್ರೇನು?"

ಅವನ ಹೆಂಡತಿ ಕಳಕಮ್ಮ ನೀರಿನ ಚೆಂಬು ತಂದಿಟ್ಟಳು.

"ಹುಡುಗೀದೇನೂ ತಪ್ಪಿಲ್ರಿ" ಎಂದಳು ಕಸ್ತೂರೆಮ್ಮ. "ಅಕಿ ನನ್ನ ನಂಬಿ ಸಹಾಯ ಕೇಳಿದ್ಲು. ಊರಿಗೆಲ್ಲ ತೋರಿಸಿದಾಕಿ ನಾನು. ಬೈರಿ ನನಗ. ಅಕೀನ್ನ ಮಾತ್ರ ಸಾಲಿ ಬಿಡಸಬ್ಯಾಡ್ರಿ."

ಒಳಗಿನಿಂದ ಶೈಲಶ್ರೀ ಬಂದು ಹೊಸ್ತಿಲಲ್ಲಿ ನಿಂತಳು. ಕಣ್ಣು ಬಾತಿದ್ದವು.

"ಆ ಚೀಟಿ ಫೋಟೋ ನಿಮ್ಮ ಫೋನಿನ್ಯಾಗ ಇನ್ನೂ ಐತೇನ್ರಿ?"

ಕಸ್ತೂರೆಮ್ಮ ಫೋನು ತೆರೆದಳು. ಇತ್ತು. ವರದಿಗೆ ಬೇಕಾದೀತೆಂದು ಇಟ್ಟುಕೊಂಡಿದ್ದಳು.

"ಯಾರಿಗೂ ತೋರಸೂದಿಲ್ಲ ಅಂತ ಅವನೂ ಆಣಿ ಮಾಡಿದ್ದ್ರಿ, ಟೀಚರ್ರ."

ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆ ಹೆದರಿಸುವವನಿಗೂ ತನಗೂ ಈ ಹುಡುಗಿಯ ಕಣ್ಣಲ್ಲಿ ವ್ಯತ್ಯಾಸ ಉಳಿದಿಲ್ಲ ಎಂದು ತಿಳಿದು ಕಸ್ತೂರೆಮ್ಮನ ಮುಖ ಕಪ್ಪಿಟ್ಟಿತು. ಫೋನನ್ನೇ ಅವಳ ಕೈಗೆ ಕೊಟ್ಟಳು. ಶೈಲಶ್ರೀ ತಾನೇ ಅಳಿಸಿದಳು.

"ನಾಳೆ ಠಾಣೆಗೆ ಹೋಗೂಣ್ರಿ" ಎಂದಳು ಕಸ್ತೂರೆಮ್ಮ, ಅಯ್ಯಪ್ಪನ ಕಡೆ ತಿರುಗಿ. "ಅವನ ಮ್ಯಾಲೆ ದೂರು ಕೊಡೂಣು. ನಾ ಮಾಡಿದ್ದನ್ನೂ ಹೇಳ್ತೀನಿ. ಎಲ್ಲಾ ನಾನ ಮಾತಾಡ್ತೀನಿ."

ಅಯ್ಯಪ್ಪ ಹಗ್ಗ ಕೆಳಗಿಟ್ಟು ಮಗಳ ಕಡೆ ನೋಡಿದ. "ಠಾಣೇಕ ನಾನೂ ಬರ್ತೀನಿ. ನಾಡಿದ್ದಿಂದ ಸಾಲಿಗೂ ನಾನ ಬಿಟ್ಟು ಬರ್ತೀನಿ" ಎಂದ.

ಶೈಲಶ್ರೀ ಫೋನು ವಾಪಸು ಕೊಟ್ಟಳು.

"ನೀವು ಬರ್ರಿ ಟೀಚರ್ರ. ಬಾಜೂಕ ಸುಮ್ಮನ ಕುಂದರ್ರಿ. ನಂದು ನಾನ ಹೇಳ್ತೀನಿ."

"ಹೂಂ ಅವ್ವಾ" ಎಂದಳು ಕಸ್ತೂರೆಮ್ಮ, ತಲೆ ತಗ್ಗಿಸಿ.